ರೈಫಲ್ ಮೈಗೆ ಕೂರಬೇಕು: ಏರ್ ರೈಫಲ್ ಆರಿಸುವುದು, ಹೊಂದಿಸಿಕೊಳ್ಳುವುದು

10 ಮೀಟರ್ ಏರ್ ರೈಫಲ್ ಟಾರ್ಗೆಟ್‌ನ ನಟ್ಟನಡುವೆ ಒಂದು ಚುಕ್ಕೆ ಇದೆ. ಅದರ ಅಗಲ ಬರೀ 0.5 ಮಿ.ಮೀ. ಹತ್ತು ಅಂಕದ ಜಾಗ ಅದೇ. ಅದರ ಸುತ್ತ ಒಂಬತ್ತರ ಉಂಗುರ 5.5 ಮಿ.ಮೀ. ಇಡೀ ಟಾರ್ಗೆಟ್ 45.5 ಮಿ.ಮೀ. ನಿಂತುಕೊಂಡು, ಯಾವ ಆಸರೆಯೂ ಇಲ್ಲದೆ, ನಾಲ್ಕೈದು ಕಿಲೋ ತೂಕದ ರೈಫಲ್ ಎತ್ತಿ ಆ ಚುಕ್ಕೆಗೆ 60 ಸಲ ಹೊಡೆಯಬೇಕು. ಸ್ಪರ್ಧೆ ಅಂದರೆ ಇಷ್ಟೇ.

ಕೇಳಿದರೆ ಆಗದ ಕೆಲಸ ಅನಿಸುತ್ತದೆ, ಅಲ್ವಾ? ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಪೆಲೆಟ್, ಅಂದರೆ ಏರ್ ರೈಫಲ್ ಹಾರಿಸುವ ಸೀಸದ ಸಣ್ಣ ಗುಂಡಿನ ಅಗಲ 4.5 ಮಿ.ಮೀ. ಅದರ ಅಂಚು ಆ ಚುಕ್ಕೆಯನ್ನು ಮುಟ್ಟಿದರೂ ಹತ್ತು ಸಿಗುತ್ತದೆ. ಅಂದರೆ ಪೆಲೆಟ್‌ನ ನಡುಬಿಂದು ಟಾರ್ಗೆಟ್‌ನ ನಡುವಿನಿಂದ 2.5 ಮಿ.ಮೀ. ಒಳಗೆ ಬಿದ್ದರೆ ಸಾಕು. ಅಲ್ಲಿಂದ ಒಳಕ್ಕೆ ಪ್ರತಿ ಕಾಲು ಮಿಲಿಮೀಟರ್‌ಗೆ 0.1 ಅಂಕ ಏರುತ್ತದೆ. ಒಂದು ಹೊಡೆತಕ್ಕೆ ಗರಿಷ್ಠ 10.9. ಅರವತ್ತಕ್ಕೆ 654. 2008ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಹೊಡೆತಕ್ಕೆ 10.8 ಹೊಡೆದು ಚಿನ್ನ ಗೆದ್ದರು. ಆ ಪೆಲೆಟ್ ನಡುವಿನಿಂದ ಅರ್ಧ ಮಿಲಿಮೀಟರ್ ಒಳಗೇ ಇತ್ತು ಎಂದು ಅಂಕವೇ ಹೇಳುತ್ತದೆ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 400ಕ್ಕೆ 400 ತೆಗೆದರು. ಆಗ ಮಹಿಳೆಯರಿಗೆ 40 ಹೊಡೆತ. ನಲವತ್ತೂ ಆ 2.5 ಮಿ.ಮೀ. ಒಳಗೆ ಬಿದ್ದವು.

ಈಗ ನಮ್ಮ ವಿಷಯಕ್ಕೆ ಬರೋಣ. ಸ್ಪರ್ಧೆಗೆಂದೇ ಮಾಡಿದ ಒಂದು ಒಳ್ಳೆಯ ಮ್ಯಾಚ್ ರೈಫಲನ್ನು ಮೇಜಿಗೆ ಬಿಗಿದು ಹೊಡೆದರೆ ಪೆಲೆಟ್‌ಗಳು ಒಂದೇ ತೂತಿನಲ್ಲಿ ಹಾದುಹೋಗುತ್ತವೆ. ಹಳೆಯ ಮಾಡೆಲ್ ಆದರೂ ಅಷ್ಟೇ. ಅದೇ ರೈಫಲ್ ಹೊಸಬರ ಕೈಯಲ್ಲಿ ಏಳು, ಎಂಟಕ್ಕೆ ಹೊಡೆಯುತ್ತದೆ. ನಡುವಿನ ಅಂತರ ಬ್ಯಾರಲ್‌ನಿಂದ, ಅಂದರೆ ನಳಿಗೆಯಿಂದ, ಬಂದದ್ದಲ್ಲ. ರೈಫಲ್ ಆ ವ್ಯಕ್ತಿಯ ಮೈಗೆ ಹೇಗೆ ಕೂತಿದೆ ಎಂಬುದರಲ್ಲಿ ಅದರ ದೊಡ್ಡ ಪಾಲು ಇದೆ. ಆದರೆ ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ ವೇಗ ಎಷ್ಟು, ಪವರ್ ಎಷ್ಟು ಎಂಬುದೇ. ನನಗೆ ಬೇಸರ ತರಿಸುವುದು ಇದೇ. ಅಳತೆಗೆ ಹೊಂದದ ದುಬಾರಿ ರೈಫಲ್‌ಗಿಂತ ಮೈಗೆ ಸರಿಯಾಗಿ ಕೂತ ಸಾಧಾರಣ ರೈಫಲ್ ಎಷ್ಟೋ ಮೇಲು.

4.5 ಮಿ.ಮೀ. ಏರ್ ರೈಫಲ್, ಅಥವಾ .22?

ಸಣ್ಣ ಕ್ಯಾಲಿಬರ್‌ನ ಟಾರ್ಗೆಟ್ ಶೂಟಿಂಗ್‌ನಲ್ಲಿ ಎರಡು ದಾರಿ. ಒಂದು ಗಾಳಿಯ ಒತ್ತಡದಿಂದ ಪೆಲೆಟ್ ಹಾರಿಸುವ 4.5 ಮಿ.ಮೀ. ಏರ್ ರೈಫಲ್, ದೂರ 10 ಮೀಟರ್. ಇನ್ನೊಂದು ಮದ್ದು ತುಂಬಿದ ಗುಂಡು ಹಾರಿಸುವ .22 ರೈಫಲ್, ಅಂದರೆ 5.6 ಮಿ.ಮೀ., ದೂರ 50 ಮೀಟರ್. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಈ ಎರಡನೆಯದರಲ್ಲಿ, ಮೂರು ಭಂಗಿಗಳ ಸ್ಪರ್ಧೆಯಲ್ಲಿ.

ಕಾನೂನಿನ ಕಣ್ಣಲ್ಲಿ ಇವೆರಡೂ ಬೇರೆ ಬೇರೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ಬೋರ್, ಅಂದರೆ ಬ್ಯಾರಲ್‌ನ ಒಳಗಿನ ಅಗಲ, 4.5 ಮಿ.ಮೀ. ಮೀರದ, ಶಕ್ತಿ 20 ಜೂಲ್ ದಾಟದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಅಂಗಡಿಯವರು ಗುರುತಿನ ಚೀಟಿ ಕೇಳಿ ದಾಖಲೆ ಇಟ್ಟುಕೊಳ್ಳುತ್ತಾರೆ. ರಸೀದಿಯನ್ನು ಜೋಪಾನವಾಗಿಟ್ಟುಕೊಳ್ಳಿ. ರೈಫಲ್ ಸಾಗಿಸುವಾಗ ಯಾರಾದರೂ ಕೇಳಿದರೆ ತೋರಿಸಲು ಅದೇ ಬೇಕಾಗುತ್ತದೆ. .22 ಹಾಗಲ್ಲ. ಅದು ಪೂರ್ತಿ ಬಂದೂಕು. ಲೈಸೆನ್ಸ್ ಬೇಕೇ ಬೇಕು. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿದವರಿಗೆ .22 ಹೊಸದೇನಲ್ಲ. ಕೊಡವರಿಗೂ ಅಲ್ಲಿನ ವಂಶಪಾರಂಪರ್ಯ ಜಮೀನಿನ, ಅಂದರೆ ಜಮ್ಮಾ, ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಕೆಲವು ಷರತ್ತುಗಳೊಂದಿಗೆ. ಅದನ್ನು ನೋಡಿ ಬೇರೆಯವರು ತಮಗೂ ನಡೆಯುತ್ತದೆ ಅಂದುಕೊಳ್ಳಬಾರದು.

ಹೊಸಬರಿಗೆ ನನ್ನ ಸಲಹೆ ಏರ್ ರೈಫಲ್. ಲೈಸೆನ್ಸ್‌ನ ಗೋಜಿಲ್ಲ ಎಂಬುದಷ್ಟೇ ಕಾರಣವಲ್ಲ. ಪೆಲೆಟ್ ಅಗ್ಗ, ಸದ್ದು ಕಡಿಮೆ, ಹತ್ತು ಮೀಟರ್ ಉದ್ದದ ಸುರಕ್ಷಿತ ಜಾಗ ಸಿಕ್ಕರೆ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಅದು ತಪ್ಪನ್ನು ಮುಚ್ಚಿಡುವುದಿಲ್ಲ. .22 ಗುಂಡು ಸೆಕೆಂಡಿಗೆ 320 ಮೀಟರ್‌ನ ಆಸುಪಾಸಿನಲ್ಲಿ ಓಡುತ್ತದೆ. ಏರ್ ರೈಫಲ್ ಪೆಲೆಟ್‌ನ ವೇಗ ಅದರ ಅರ್ಧ, ಸುಮಾರು 170 ಮೀಟರ್. ಟ್ರಿಗರ್ ಬಿದ್ದ ಮೇಲೂ ಪೆಲೆಟ್ ಕೆಲವು ಸಾವಿರಾಂಶ ಸೆಕೆಂಡ್ ಬ್ಯಾರಲ್‌ನ ಒಳಗೇ ಇರುತ್ತದೆ. ಆ ಹೊತ್ತಿನಲ್ಲಿ ಕೈ ಅಲುಗಿದರೆ ಟಾರ್ಗೆಟ್ ಮೇಲೆ ಕಾಣುತ್ತದೆ. ಇದರಲ್ಲಿ ಕಲಿತವರು .22 ಹಿಡಿದಾಗ ಸಲೀಸಾಗಿ ಹೊಡೆಯುತ್ತಾರೆ. ಆಮೇಲೆ .22 ಬೇಕೆನಿಸಿದರೆ ಮೊದಲು ಒಂದು ರೈಫಲ್ ಕ್ಲಬ್ ಸೇರಿ. ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ ಬೆಂಗಳೂರಿನಲ್ಲಿದೆ. ಇಡೀ ದೇಶಕ್ಕೆ 1951ರಲ್ಲಿ ಶುರುವಾದ ರಾಷ್ಟ್ರೀಯ ರೈಫಲ್ ಸಂಸ್ಥೆ ಇದೆ. ಸ್ವಂತದ್ದಕ್ಕೆ ಅರ್ಜಿ ಹಾಕುವ ಮೊದಲು ಅನುಭವಿಗಳ ಮಾತು ಕೇಳಿ, ಕ್ಲಬ್ಬಿನ ರೈಫಲ್‌ನಲ್ಲಿ ಹೊಡೆದು ನೋಡುವುದು ಜಾಣತನ. ಇಲ್ಲಿಂದ ಮುಂದೆ ಹೇಳುವುದೆಲ್ಲ ಏರ್ ರೈಫಲ್ ಬಗ್ಗೆ. ಮೈಗೆ ಕೂರಿಸುವ ಮಾತು ಮಾತ್ರ .22ಕ್ಕೂ ಹೊಂದುತ್ತದೆ.

ಸ್ಪ್ರಿಂಗೋ, ಸಿಲಿಂಡರೋ

ಅಂಗಡಿಯಲ್ಲಿ ಸಿಗುವ ಅಗ್ಗದ ಏರ್ ಗನ್‌ಗಳು ಹೆಚ್ಚಾಗಿ ಸ್ಪ್ರಿಂಗ್‌ನವು. ಬ್ಯಾರಲ್ ಮಡಚಿ ಒಳಗಿನ ಸ್ಪ್ರಿಂಗ್ ಎಳೆದು ನಿಲ್ಲಿಸುತ್ತೀರಿ. ಟ್ರಿಗರ್ ಒತ್ತಿದಾಗ ಸ್ಪ್ರಿಂಗ್ ಒಂದು ಭಾರವಾದ ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತದೆ. ಪಿಸ್ಟನ್ ಮುಂದೆ ಹೋಗುವಾಗ ರೈಫಲ್ ಹಿಂದಕ್ಕೆ ಜಗ್ಗುತ್ತದೆ. ಪಿಸ್ಟನ್ ಕೊನೆಗೆ ಬಡಿದಾಗ ರೈಫಲ್ ಮುಂದಕ್ಕೆ ನುಗ್ಗುತ್ತದೆ. ಪೆಲೆಟ್ ಬ್ಯಾರಲ್ ಬಿಡುವ ಮೊದಲೇ ಇದೆಲ್ಲ ನಡೆದುಹೋಗಿರುತ್ತದೆ. ಹಾಗಾಗಿ ಸ್ಪ್ರಿಂಗ್ ರೈಫಲನ್ನು ಬಿಗಿಯಾಗಿ ಹಿಡಿದರೆ ಒಂದು ಕಡೆ ಬೀಳುತ್ತದೆ, ಸಡಿಲವಾಗಿ ಹಿಡಿದರೆ ಇನ್ನೊಂದು ಕಡೆ. ಪ್ರತಿ ಸಲ ಒಂದೇ ರೀತಿ, ಹಗುರವಾಗಿ ಹಿಡಿದು, ಅದರ ಪಾಡಿಗೆ ಅದು ಜಗ್ಗಲು ಬಿಡುವುದನ್ನು ಕಲಿಯಬೇಕು.

ಇನ್ನೊಂದು ಬಗೆ ಪಿಸಿಪಿ, ಅಂದರೆ ಮೊದಲೇ ಗಾಳಿ ತುಂಬಿಟ್ಟ ರೈಫಲ್. ಇದರಲ್ಲಿ ಬ್ಯಾರಲ್ ಕೆಳಗೊಂದು ಸಿಲಿಂಡರ್ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿರುತ್ತದೆ. ಹೊಡೆಯುತ್ತಾ ಹೋದಂತೆ ಸಿಲಿಂಡರ್‌ನ ಒತ್ತಡ ಇಳಿಯುತ್ತದೆ. ಆದರೆ ರೆಗ್ಯುಲೇಟರ್ ಎಂಬ ಭಾಗ ಪ್ರತಿ ಹೊಡೆತಕ್ಕೂ ಒಂದೇ ಒತ್ತಡದ ಗಾಳಿಯನ್ನಷ್ಟೇ ಬಿಡುತ್ತದೆ. ಮೊದಲ ಪೆಲೆಟ್‌ಗೂ ಅರವತ್ತನೆಯದಕ್ಕೂ ವೇಗದಲ್ಲಿ ವ್ಯತ್ಯಾಸವೇ ಇಲ್ಲ ಅನ್ನಬಹುದು. ಜಗ್ಗಾಟವೂ ಇಲ್ಲ. ಇಂದು ಸ್ಪರ್ಧೆಗಳಲ್ಲಿ ಕಾಣುವ ಫೈನ್‌ವೆರ್ಕ್‌ಬೌ, ವಾಲ್ಟರ್, ಆನ್ಶುಟ್ಸ್, ಸ್ಟೈರ್ ರೈಫಲ್‌ಗಳೆಲ್ಲ ಇದೇ ಬಗೆಯವು. ಬೆಲೆ ಲಕ್ಷಗಳಲ್ಲಿ. ನಮ್ಮ ದೇಶದ್ದೇ ಆದ ಪ್ರೆಸಿಹೋಲ್‌ನಂಥ ಕಂಪನಿಗಳು ಎರಡೂ ಬಗೆಯ ಏರ್ ರೈಫಲ್ ಮಾಡುತ್ತವೆ. ಅವು ತುಂಬಾ ಕಡಿಮೆಗೆ ಸಿಗುತ್ತವೆ.

ಸುಮ್ನೆ ಭಾನುವಾರದ ಖುಷಿಗೆ ಅಂದರೆ ಒಳ್ಳೆಯ ಸ್ಪ್ರಿಂಗ್ ರೈಫಲ್ ಸಾಕು. ಅಂಕ ಏರಿಸಿಕೊಳ್ಳಬೇಕು ಎಂಬ ಹಂಬಲ ಇದ್ದರೆ ಪಿಸಿಪಿಗೆ ದುಡ್ಡು ಕೂಡಿಡಿ. ಅಲ್ಲಿಯವರೆಗೆ ಕ್ಲಬ್ಬಿನದ್ದು ಬಳಸಿ. ನಡುವಿನ ದಾರಿಯೂ ಒಂದಿದೆ. ಅದೇ ಸೆಕೆಂಡ್ ಹ್ಯಾಂಡ್ ಮ್ಯಾಚ್ ರೈಫಲ್. ಹದಿನೈದು ವರ್ಷ ಹಳೆಯ ಮ್ಯಾಚ್ ರೈಫಲ್‌ನ ಬ್ಯಾರಲ್ ಸವೆದಿರುವುದು ಕಡಿಮೆ, ಯಾಕೆಂದರೆ ಮೆತ್ತನೆಯ ಸೀಸದ ಪೆಲೆಟ್ ಉಕ್ಕನ್ನು ಹೆಚ್ಚು ತಿನ್ನುವುದಿಲ್ಲ. ನೋಡಬೇಕಾದ್ದು ಸಿಲಿಂಡರನ್ನು. ಅದರ ಮೇಲೆ ತಯಾರಾದ ದಿನಾಂಕ ಒತ್ತಿರುತ್ತದೆ. ಈ ಸಿಲಿಂಡರ್‌ಗಳ ಆಯುಸ್ಸು ಸಾಮಾನ್ಯವಾಗಿ ಹತ್ತು ವರ್ಷ. ಅವಧಿ ಮುಗಿದಿದ್ದರೆ ಹೊಸ ಸಿಲಿಂಡರ್‌ನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿ ಮಾತಾಡಿ. ಸಾಧ್ಯವಾದರೆ ಗಾಳಿ ತುಂಬಿಸಿ, ಮೀಟರ್ ಓದಿ ಬರೆದಿಟ್ಟು, ಮಾರನೇ ದಿನ ಮತ್ತೆ ನೋಡಿ. ಮುಳ್ಳು ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ.

ಗಾಳಿ ತುಂಬುವ ಬಗ್ಗೆ ಎರಡು ಮಾತು. ಕೈಪಂಪಿನಿಂದ ಅಥವಾ ದೊಡ್ಡ ಸ್ಕೂಬಾ ಸಿಲಿಂಡರಿನಿಂದ ತುಂಬುತ್ತಾರೆ. ಒಣ ಗಾಳಿ ಮಾತ್ರ ಇರಬೇಕು. ಆಸ್ಪತ್ರೆಯ ಅಥವಾ ವೆಲ್ಡಿಂಗ್‌ನ ಆಕ್ಸಿಜನ್ ಸಿಲಿಂಡರಿನಿಂದ ಎಂದೂ ತುಂಬಬೇಡಿ. ಆ ಒತ್ತಡದಲ್ಲಿ ಶುದ್ಧ ಆಕ್ಸಿಜನ್‌ಗೆ ಒಂದಿಷ್ಟು ಗ್ರೀಸ್ ಸೋಕಿದರೂ ಸ್ಫೋಟ ಆಗುತ್ತದೆ. ಮಂಗಳೂರು, ಕಾರವಾರದಂಥ ಕರಾವಳಿ ಊರುಗಳಲ್ಲಿ ಗಾಳಿಯಲ್ಲೇ ತೇವ ಜಾಸ್ತಿ. ಕೈಪಂಪು ಬಳಸುವವರು ನಡುನಡುವೆ ನಿಲ್ಲಿಸಿ ಪಂಪಿನ ನೀರು ಹೊರಬಿಡಬೇಕು. ಇಲ್ಲದಿದ್ದರೆ ಅದು ರೆಗ್ಯುಲೇಟರ್ ಸೇರುತ್ತದೆ.

ಯಾವ ಕಣ್ಣು, ಎಷ್ಟು ತೂಕ

ದುಡ್ಡು ಕೊಡುವ ಮೊದಲು ನಿಮ್ಮ ಪ್ರಬಲ ಕಣ್ಣು ಯಾವುದೆಂದು ತಿಳಿದುಕೊಳ್ಳಿ. ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ. ಎರಡೂ ಕಣ್ಣು ತೆರೆದು ದೂರದ ಒಂದು ಬಲ್ಬನ್ನು ಆ ಕಿಂಡಿಯಲ್ಲಿ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಬಲ್ಬ್ ಕಾಣುತ್ತಲೇ ಇರುತ್ತದೋ ಅದೇ ಪ್ರಬಲ ಕಣ್ಣು. ಬಲಗೈ ರೂಢಿಯವರಲ್ಲೂ ಎಡಗಣ್ಣು ಪ್ರಬಲವಾಗಿರುವವರು ಇದ್ದಾರೆ. ಅಂಥವರು ಹೊಸಬರಾಗಿದ್ದರೆ ಎಡಗೈ ರೈಫಲ್ ಹಿಡಿದು ಒಮ್ಮೆ ನೋಡಲೇಬೇಕು. ಎಡಗೈಯವರ ಸ್ಟಾಕ್, ಅಂದರೆ ರೈಫಲ್ ಹಿಡಿದು ಭುಜಕ್ಕೆ ಒತ್ತುವ ಭಾಗ, ಬೇರೆಯೇ ಸಿಗುತ್ತದೆ. ಎರಡೂ ಕೈಗೆ ಹೊಂದುವ ಸ್ಟಾಕ್ ಕೂಡ ಇದೆ. ತಿಂಗಳುಗಟ್ಟಲೆ ಬಲಗಡೆ ರೂಢಿ ಮಾಡಿಕೊಂಡ ಮೇಲೆ ಬದಲಿಸುವುದು ಬಹಳ ಕಷ್ಟ.

ತೂಕದ ವಿಷಯದಲ್ಲಿ ಜನ ಸುಲಭವಾಗಿ ಎಡವುತ್ತಾರೆ. ಸ್ಪರ್ಧೆಯ ನಿಯಮದಲ್ಲಿ ಮಿತಿ 5.5 ಕಿಲೋ. ಭಾರವಾದ ರೈಫಲ್ ನಿಧಾನವಾಗಿ ಅಲುಗಾಡುತ್ತದೆ ಎಂಬುದು ನಿಜ. ಆದರೆ ಹದಿಮೂರರ ಹುಡುಗಿಗೆ ಐದು ಕಿಲೋ ರೈಫಲ್ ಕೊಟ್ಟರೆ ಆಕೆ ಬೆನ್ನು ಹಿಂದಕ್ಕೆ ಬಗ್ಗಿಸಿ ಭಾರ ಹೊರುತ್ತಾಳೆ. ಅದು ಬೆನ್ನುಮೂಳೆಗೆ ಒಳ್ಳೆಯದಲ್ಲ. ಮಕ್ಕಳಿಗೆ ಹಗುರವಾದ, ಸ್ಟಾಕ್ ಉದ್ದ ಕಡಿಮೆ ಮಾಡಬಹುದಾದ ಜೂನಿಯರ್ ಮಾಡೆಲ್‌ಗಳಿವೆ. ಅವನ್ನೇ ಆರಿಸಿ. ಭಾರ ಬೇಕಾದರೆ ಆಮೇಲೆ ತೂಕದ ಬಿಲ್ಲೆ ಸೇರಿಸಬಹುದು. ಕಡಿಮೆ ಮಾಡುವುದು ಕಷ್ಟ.

ಬ್ರ್ಯಾಂಡ್ ಯಾವುದಾದರೂ ಇರಲಿ, ಒಂದನ್ನು ಮಾತ್ರ ಬಿಟ್ಟುಕೊಡಬೇಡಿ. ಭುಜಕ್ಕೆ ಒರಗುವ ಬಟ್ ಪ್ಲೇಟ್ ಮೇಲೆ ಕೆಳಗೆ ಆಗಬೇಕು. ಹಿಂದೆ ಮುಂದೆ ಸರಿಯಬೇಕು. ಕೆನ್ನೆ ಊರುವ ಚೀಕ್ ಪೀಸ್‌ನ ಎತ್ತರ ಬದಲಿಸಲು ಬರಬೇಕು. ಇವಿಲ್ಲದ ರೈಫಲ್ ಎಷ್ಟೇ ಚೆನ್ನಾಗಿ ಹೊಡೆದರೂ ನಿಮ್ಮ ಮೈಯೇ ಅದಕ್ಕೆ ತಕ್ಕಂತೆ ಬಾಗಬೇಕಾಗುತ್ತದೆ. ಇದ್ದರೆ ರೈಫಲ್ ನಿಮಗೆ ತಕ್ಕಂತೆ ಬದಲಾಗುತ್ತದೆ.

ಮೈಗೆ ಕೂರಿಸುವ ಕೆಲಸ

ಇದು ದರ್ಜಿಯ ಕೆಲಸದ ಹಾಗೆ. ಅಳತೆ ನಿಮ್ಮದು, ಬೇರೆಯವರ ಅಳತೆ ನಕಲು ಮಾಡಿದರೆ ಕೂರುವುದಿಲ್ಲ. ಎಷ್ಟೋ ಜನ ಚಾಂಪಿಯನ್‌ಗಳ ಫೋಟೋ ನೋಡಿ ತಮ್ಮ ರೈಫಲನ್ನೂ ಹಾಗೇ ತಿರುಚಿಡುತ್ತಾರೆ. ಕತ್ತಿನ ಉದ್ದ, ಭುಜದ ಅಗಲ, ತೋಳು, ಸೊಂಟದ ಎತ್ತರ ಒಬ್ಬೊಬ್ಬರದು ಒಂದೊಂದು. ಚಾಂಪಿಯನ್‌ಗೆ ಕೂತದ್ದು ನಿಮಗೆ ಕೂರಬೇಕೆಂದೇನೂ ಇಲ್ಲ.

ಶುರು ಮಾಡಬೇಕಾದ್ದು ರೈಫಲ್‌ನಿಂದ ಅಲ್ಲ, ನಿಲುವಿನಿಂದ. ಬಲಗೈಯವರು ಟಾರ್ಗೆಟ್‌ಗೆ ಎಡಮಗ್ಗುಲು ಕೊಟ್ಟು ನಿಲ್ಲಿ. ಕಾಲುಗಳ ನಡುವೆ ಭುಜದಷ್ಟು ಅಂತರ. ಎಡ ಮೊಣಕೈ ಸೊಂಟದ ಮೂಳೆ ಅಥವಾ ಪಕ್ಕೆಲುಬಿನ ಮೇಲೆ ಕೂರಬೇಕು. ರೈಫಲ್‌ನ ಭಾರ ಕೈಯಿಂದ ಮೊಣಕೈಗೆ, ಅಲ್ಲಿಂದ ಸೊಂಟಕ್ಕೆ, ಕಾಲಿಗೆ ಇಳಿಯಬೇಕು. ಮೂಳೆ ಭಾರ ಹೊತ್ತರೆ ದಣಿಯುವುದಿಲ್ಲ. ಸ್ನಾಯು ಹೊತ್ತರೆ ಹತ್ತು ನಿಮಿಷದಲ್ಲಿ ನಡುಗಲು ಶುರು. ತಲೆ ನೆಟ್ಟಗಿರಲಿ. ಇದೇ ಮುಖ್ಯ. ಕಣ್ಣು ರೈಫಲ್ ಇರುವಲ್ಲಿಗೆ ಇಳಿಯಬಾರದು, ರೈಫಲ್ ಕಣ್ಣಿರುವಲ್ಲಿಗೆ ಬರಬೇಕು.

ಮೊದಲು ಬಟ್‌ನ, ಅಂದರೆ ಸ್ಟಾಕ್‌ನ ಹಿಂಭಾಗದ, ಉದ್ದ. ಹಿಡಿಕೆ ಹಿಡಿದಾಗ ತೋರುಬೆರಳ ಮೊದಲ ಗೆಣ್ಣಿನ ಮುಂದಿನ ಮೆತ್ತನೆಯ ಭಾಗ ಟ್ರಿಗರ್ ಮೇಲೆ ಸರಾಗವಾಗಿ ಬೀಳಬೇಕು. ಉದ್ದ ಜಾಸ್ತಿಯಾದರೆ ಭುಜ ಹಿಂದಕ್ಕೆ ಹೋಗುತ್ತದೆ, ಕತ್ತು ಮುಂದಕ್ಕೆ ಚಾಚುತ್ತದೆ. ಕಡಿಮೆಯಾದರೆ ಬಲಗೈ ಮುದುರಿಕೊಳ್ಳುತ್ತದೆ, ಮುಖ ಗುರಿ ನೋಡುವ ಹಿಂದಿನ ಸೈಟ್‌ಗೆ ಅಂಟುವಷ್ಟು ಹತ್ತಿರ ಹೋಗುತ್ತದೆ.

ಆಮೇಲೆ ಬಟ್ ಪ್ಲೇಟ್‌ನ ಎತ್ತರ. ಪ್ಲೇಟನ್ನು ಕೆಳಕ್ಕೆ ಇಳಿಸಿದಷ್ಟೂ ರೈಫಲ್ ಭುಜದಲ್ಲಿ ಮೇಲೆದ್ದು ಮುಖದ ಹತ್ತಿರ ಬರುತ್ತದೆ. ಕತ್ತು ಉದ್ದ ಇರುವವರಿಗೆ ಹೆಚ್ಚು ಇಳಿಸಬೇಕಾಗುತ್ತದೆ. ಅಷ್ಟಕ್ಕೂ ಸಾಲದಿದ್ದರೆ ಸೈಟ್‌ಗಳ ಅಡಿಗೆ ಇಡುವ ಎತ್ತರಿಸುವ ಬ್ಲಾಕ್‌ಗಳಿವೆ. ಹಿಂಭಾಗ ಎದ್ದಾಗ ಮೂತಿ ಕೆಳಗೆ ನೋಡುತ್ತದಲ್ಲ, ಅದನ್ನು ಸರಿಮಾಡುವುದು ಮುಂದಿನ ಕೈ. ಎಡಗೈ ಮುಷ್ಟಿ ಹಿಡಿದರೆ ಎತ್ತರ ಜಾಸ್ತಿ, ಅಂಗೈ ಚಪ್ಪಟೆಯಾಗಿಟ್ಟರೆ ಕಡಿಮೆ. ತೋಳು ಗಿಡ್ಡವಾಗಿದ್ದರೆ ಸ್ಟಾಕ್ ಅಡಿಯ ಹ್ಯಾಂಡ್ ರೆಸ್ಟ್ ಇಳಿಸಿಕೊಳ್ಳಿ. ಮೊಣಕೈ ಸೊಂಟಕ್ಕೆ ತಾಗಿಯೂ ಮೂತಿ ಟಾರ್ಗೆಟ್‌ಗೆ ಸಮವಾಗಿ ನಿಂತರೆ ಸರಿಯಾಯಿತು.

ಈಗ ಚೀಕ್ ಪೀಸ್. ಕಣ್ಣು ಮುಚ್ಚಿ ರೈಫಲ್ ಎತ್ತಿ. ತಲೆಯ ಭಾರವನ್ನು ಹಾಗೇ ಚೀಕ್ ಪೀಸ್ ಮೇಲೆ ಬಿಡಿ, ಒತ್ತಬೇಡಿ. ಕಣ್ಣು ತೆರೆಯಿರಿ. ಹಿಂದಿನ ಸೈಟ್‌ನ ಕಿಂಡಿಯ ನಡುವೆ ಮುಂದಿನ ಸೈಟ್‌ನ ಉಂಗುರ ತಾನಾಗಿ ಕಾಣಬೇಕು. ಹುಡುಕಬೇಕಾಗಿ ಬಂದರೆ ಚೀಕ್ ಪೀಸ್‌ನ ಎತ್ತರವೋ ಅಡ್ಡಜಾಗವೋ ತಪ್ಪಿದೆ. ಅದು ತುಸು ಕೆಳಗಿದ್ದರೆ ತಲೆಯನ್ನು ಕತ್ತಿನ ಸ್ನಾಯುಗಳೇ ಹಿಡಿದಿರಬೇಕಾಗುತ್ತದೆ. ಮೊದಲ ಇಪ್ಪತ್ತು ಹೊಡೆತ ಚೆನ್ನಾಗಿರುತ್ತವೆ, ಆಮೇಲೆ ಗ್ರೂಪ್, ಅಂದರೆ ಟಾರ್ಗೆಟ್ ಮೇಲಿನ ತೂತುಗಳ ಗುಂಪು, ಚೆದುರತೊಡಗುತ್ತದೆ. ಹೊಸಬರು ಆಗ ಪೆಲೆಟ್ ಸರಿಯಿಲ್ಲ ಅನ್ನುತ್ತಾರೆ, ಸೈಟ್ ತಿರುಗಿಸುತ್ತಾರೆ. ಚೀಕ್ ಪೀಸ್ ಎರಡು ಮಿಲಿಮೀಟರ್ ಎತ್ತಿದರೆ ತೀರುವ ತೊಂದರೆ ಅದು.

ಎಲ್ಲ ಕೂತಿದೆಯೇ ಎಂದು ನೋಡಲು ಒಂದು ಪರೀಕ್ಷೆ ಇದೆ. ಗುರಿ ಹಿಡಿದು ನೆಲೆಯಾಗಿ. ಕಣ್ಣು ಮುಚ್ಚಿ ಎರಡು ಸಲ ನಿಧಾನವಾಗಿ ಉಸಿರಾಡಿ. ತೆರೆಯಿರಿ. ರೈಫಲ್ ಈಗ ಎಲ್ಲಿ ನೋಡುತ್ತಿದೆಯೋ ಅದೇ ನಿಮ್ಮ ಮೈ ಸಹಜವಾಗಿ ತೋರುವ ಗುರಿ. ಅದು ಎಡಕ್ಕೋ ಬಲಕ್ಕೋ ಇದ್ದರೆ ಕೈಯಿಂದ ಎಳೆಯಬೇಡಿ, ಪಾದ ತುಸು ಸರಿಸಿ. ಮೇಲೆ ಕೆಳಗೆ ಇದ್ದರೆ ಮುಂದಿನ ಕೈಯ ಜಾಗ ಬದಲಿಸಿ. ಕೈಯಿಂದ ಎಳೆದು ನಿಲ್ಲಿಸಿದ ರೈಫಲ್ ಟ್ರಿಗರ್ ಬೀಳುವ ಕ್ಷಣದಲ್ಲಿ ತನ್ನ ಸಹಜ ಜಾಗಕ್ಕೇ ಜಾರುತ್ತದೆ. ಆ ಜಾರುವಿಕೆಯೇ ಎಂಟು, ಏಳು.

ಒಂದು ಸಲಕ್ಕೆ ಒಂದೇ ಬದಲಾವಣೆ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಬಟ್ ಪ್ಲೇಟ್, ಚೀಕ್ ಪೀಸ್, ಸೈಟ್ ಮೂರನ್ನೂ ಒಂದೇ ದಿನ ತಿರುಗಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದೇ ಇಲ್ಲ. ಬದಲಿಸುವ ಮೊದಲು ಪ್ರತಿ ಅಳತೆಗೋಲಿನ ಗುರುತನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಬದಲಿಸಿದ ಮೇಲೆ ಕೆಲವು ದಿನ ಹಾಗೇ ಹೊಡೆಯಿರಿ. ಮೈಗೆ ಹೊಸ ಅಳತೆ ಒಗ್ಗಲು ಹೊತ್ತು ಬೇಕು. ಮೊದಲ ದಿನ ವಿಚಿತ್ರ ಅನಿಸಿದ್ದು ವಾರದಲ್ಲಿ ಸರಿ ಅನಿಸಬಹುದು.

ಶೂಟಿಂಗ್ ಜಾಕೆಟ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಕ್ಯಾನ್ವಾಸ್, ಚರ್ಮದ ಆ ಗಟ್ಟಿ ಜಾಕೆಟ್ ಬೆನ್ನಿಗೆ ಆಸರೆ ಕೊಡುತ್ತದೆ, ಎದೆಬಡಿತ ರೈಫಲ್‌ಗೆ ತಲುಪುವುದನ್ನು ತಗ್ಗಿಸುತ್ತದೆ. ಬಟ್ಟೆಯ ದಪ್ಪಕ್ಕೂ ನಿಯಮದಲ್ಲಿ 2.5 ಮಿ.ಮೀ. ಮಿತಿ ಇದೆ. ಆದರೆ ಮೊದಲ ತಿಂಗಳಲ್ಲೇ ಕೊಳ್ಳಬೇಡಿ. ನಿಲುವು ಒಂದು ಹದಕ್ಕೆ ಬಂದ ಮೇಲೆ ಮೈಗೆ ಅಳತೆ ಕೊಟ್ಟು ಹೊಲಿಸುವುದು ಮೇಲು. ಜಾಕೆಟ್ ಬಂದ ದಿನ ಬಟ್‌ನ ಉದ್ದ ಮತ್ತೆ ನೋಡಿ. ಜಾಕೆಟ್‌ನ ದಪ್ಪದಿಂದಾಗಿ ಸ್ವಲ್ಪ ಕಡಿಮೆ ಮಾಡಬೇಕಾಗುತ್ತದೆ.

ಸೈಟ್, ಟ್ರಿಗರ್

ಮ್ಯಾಚ್ ರೈಫಲ್‌ನಲ್ಲಿ ದೂರದರ್ಶಕ ಇರುವುದಿಲ್ಲ. ಹಿಂದೆ ಸಣ್ಣ ಕಿಂಡಿಯ ಪೀಪ್ ಸೈಟ್, ಮುಂದೆ ಒಂದು ಉಂಗುರ. ಟಾರ್ಗೆಟ್‌ನ ಕಪ್ಪು ವೃತ್ತವನ್ನು ಆ ಉಂಗುರದ ನಡುವೆ ತರಬೇಕು. ಉಂಗುರದ ಅಳತೆ ಬದಲಿಸಬಹುದು. ಹೆಚ್ಚಿನವರು ಸಣ್ಣ ಉಂಗುರ ಹಾಕಿಕೊಂಡರೆ ಗುರಿ ಚುರುಕಾಗುತ್ತದೆ ಅಂದುಕೊಳ್ಳುತ್ತಾರೆ. ಆಗುವುದು ಉಲ್ಟಾ. ಕಪ್ಪು ವೃತ್ತದ ಅಗಲ 30.5 ಮಿ.ಮೀ. ಅದು 10 ಮೀಟರ್ ದೂರದಲ್ಲಿದೆ. ಕಣ್ಣಿನಿಂದ ಸುಮಾರು 90 ಸೆಂ.ಮೀ. ದೂರದಲ್ಲಿರುವ ಮುಂದಿನ ಸೈಟ್‌ನ ಒಳಗೆ ಅದು ಹೆಚ್ಚುಕಡಿಮೆ 2.7 ಮಿ.ಮೀ. ಅಗಲಕ್ಕೆ ಕಾಣುತ್ತದೆ. ಉಂಗುರವನ್ನು 3 ಮಿ.ಮೀ.ಗೆ ಇಟ್ಟರೆ ಸುತ್ತ ಉಳಿಯುವ ಬಿಳಿ ಗೆರೆ ಕೂದಲೆಳೆಯಷ್ಟು. ರೈಫಲ್ ತುಸು ಅಲುಗಿದರೂ ಕಪ್ಪು ಅಂಚಿಗೆ ತಾಗಿದಂತೆ ಕಂಡು ಗಾಬರಿಯಾಗುತ್ತದೆ. 4 ಮಿ.ಮೀ. ಆಸುಪಾಸು ಇಟ್ಟರೆ ಸುತ್ತ ಬಿಳಿ ಧಾರಾಳವಾಗಿ ಕಾಣುತ್ತದೆ. ನಡು ಎಲ್ಲಿದೆ ಎಂದು ಕಣ್ಣು ತಾನೇ ಅಳೆಯುತ್ತದೆ. ಹೊಸಬರು ದೊಡ್ಡದರಿಂದ ಶುರು ಮಾಡಿ.

ಹಿಂದಿನ ಕಿಂಡಿ 1 ಮಿ.ಮೀ.ನಿಂದ 1.2 ಮಿ.ಮೀ. ಇದ್ದರೆ ಹೆಚ್ಚಿನವರಿಗೆ ಹೊಂದುತ್ತದೆ. ಕಿಂಡಿ ಸಣ್ಣದಾದಷ್ಟೂ ಚಿತ್ರ ಸ್ಪಷ್ಟ, ಆದರೆ ಬೆಳಕು ಕಡಿಮೆ. ನಲವತ್ತು ದಾಟಿದವರಿಗೆ ಇದೊಂದು ವರ. ಹತ್ತಿರದ್ದು ಮಸುಕಾಗಿ ಕಾಣುವ ವಯಸ್ಸಿನಲ್ಲೂ ಸಣ್ಣ ಕಿಂಡಿ ಉಂಗುರ, ಟಾರ್ಗೆಟ್ ಎರಡನ್ನೂ ಸಾಕಷ್ಟು ಸ್ಪಷ್ಟ ಮಾಡಿಕೊಡುತ್ತದೆ. ಎಡಗಣ್ಣನ್ನು ಬಿಗಿಯಾಗಿ ಮುಚ್ಚಬೇಡಿ. ಮುಖದ ಸ್ನಾಯು ಬಿಗಿದರೆ ಗುರಿ ಹಿಡಿಯುವ ಕಣ್ಣೂ ದಣಿಯುತ್ತದೆ. ಎಡಗಣ್ಣಿನ ಮುಂದೆ 30 ಮಿ.ಮೀ. ಅಗಲದವರೆಗಿನ ಬಿಳಿ ಪಟ್ಟಿ ಇಟ್ಟುಕೊಳ್ಳಲು ನಿಯಮದಲ್ಲೇ ಅವಕಾಶವಿದೆ.

ಟ್ರಿಗರ್ ಎರಡು ಹಂತದ್ದು. ಮೊದಲು ಸಡಿಲವಾಗಿ ಹಿಂದೆ ಬಂದು ಒಂದು ಕಡೆ ತಡೆದು ನಿಲ್ಲುತ್ತದೆ. ಅಲ್ಲಿಂದ ತುಸು ಒತ್ತಿದರೆ ಬೀಳುತ್ತದೆ. ಏರ್ ರೈಫಲ್ ಟ್ರಿಗರ್‌ಗೆ ಕನಿಷ್ಠ ತೂಕದ ನಿಯಮವಿಲ್ಲ, ಹಾಗಾಗಿ ಪಳಗಿದವರು ಬಹಳ ಹಗುರ ಮಾಡಿಕೊಳ್ಳುತ್ತಾರೆ. ಹೊಸಬರಿಗೆ ಅದು ಬೇಡ. ಬೆರಳಿಗೆ ಆ ತಡೆ ಸ್ಪಷ್ಟವಾಗಿ ಗೊತ್ತಾಗಬೇಕು. 100 ಗ್ರಾಂ ಆಸುಪಾಸಿನಲ್ಲಿ ಶುರು ಮಾಡುವುದು ಒಳ್ಳೆಯದು. ತೂಕಕ್ಕಿಂತ ಜಾಗ ಮುಖ್ಯ. ಟ್ರಿಗರ್ ಬ್ಲೇಡನ್ನು ಹಿಂದೆ ಮುಂದೆ ಸರಿಸಿ, ಬೆರಳು ಸ್ಟಾಕ್‌ಗೆ ಎಲ್ಲೂ ತಾಗದಂತೆ, ನೇರ ಹಿಂದಕ್ಕೆ ಚಲಿಸುವಂತೆ ಇಟ್ಟುಕೊಳ್ಳಿ. ತಯಾರಕರ ಪುಸ್ತಿಕೆ ಮುಟ್ಟಬೇಡಿ ಎಂದ ಸ್ಕ್ರೂಗಳನ್ನು ಮುಟ್ಟಲೇಬೇಡಿ. ಒಳಗಿನ ಕೊಂಡಿ ಸಡಿಲವಾದರೆ ರೈಫಲ್ ತಾನಾಗಿ ಹಾರಿಬಿಡುತ್ತದೆ.

ಸ್ಪ್ರಿಂಗ್ ಬದಲಿಸಿ ಪವರ್ ಏರಿಸುವುದೂ ಇದೇ ಸಾಲಿಗೆ ಸೇರಿದ ಕೆಲಸ. ಒಲಿಂಪಿಕ್ಸ್‌ನಲ್ಲಿ ಬಳಸುವ ರೈಫಲ್‌ನ ಶಕ್ತಿಯೇ ಏಳೆಂಟು ಜೂಲ್. ಹತ್ತು ಮೀಟರ್‌ನಲ್ಲಿ ಕಾಗದ ತೂತು ಮಾಡಲು ಅಷ್ಟು ಸಾಕು. ಏರಿಸಿದರೆ ಜಗ್ಗಾಟ ಹೆಚ್ಚುತ್ತದೆ, ಗ್ರೂಪ್ ಹಾಳಾಗುತ್ತದೆ. 20 ಜೂಲ್ ದಾಟಿದರೆ ಲೈಸೆನ್ಸ್ ಇಲ್ಲದ ಆಯುಧ ಇಟ್ಟುಕೊಂಡಂತಾಗುತ್ತದೆ.

ಮನೆಯಲ್ಲಿ ಹೊಡೆಯುವವರಿಗೆ

ಟಾರ್ಗೆಟ್‌ನ ನಡು ನೆಲದಿಂದ 1.4 ಮೀಟರ್ ಎತ್ತರದಲ್ಲಿರಲಿ, ಅದರ ಮೇಲೆ ಚೆನ್ನಾಗಿ ಬೆಳಕು ಬೀಳಲಿ. ಹಿಂದೆ ಉಕ್ಕಿನ ಪೆಲೆಟ್ ಟ್ರ್ಯಾಪ್, ಅದರ ಹಿಂದೆ ಗಟ್ಟಿ ಗೋಡೆ. ಟಾರ್ಗೆಟ್ ಕಡೆಯಿಂದ ಯಾರೂ ಬರಲಾಗದ ಜಾಗ ಆಗಿರಬೇಕು. ಹಾಗಾಗಿ ಅಕ್ಕಪಕ್ಕ ಮನೆಗಳಿರುವ ತಾರಸಿ ಬೇಡವೇ ಬೇಡ. ಕಣ್ಣಿಗೆ ಕನ್ನಡಕ ಇರಲಿ, ಪೆಲೆಟ್ ಪುಟಿದು ಬರುವುದುಂಟು. ಹೊಡೆಯದಿದ್ದಾಗ ಬ್ಯಾರಲ್‌ನೊಳಗೆ ಬಣ್ಣದ ಸೇಫ್ಟಿ ದಾರ ಹಾಕಿಡಿ. ರೈಫಲ್ ಖಾಲಿ ಇದೆ ಎಂದು ದೂರದಿಂದಲೇ ಕಾಣುತ್ತದೆ. ಪೆಲೆಟ್ ಸೀಸದ್ದು. ಮುಟ್ಟಿದ ಕೈಯಲ್ಲಿ ತಿಂಡಿ ತಿನ್ನಬೇಡಿ, ಸೋಪು ಹಾಕಿ ತೊಳೆಯಿರಿ. ಹಕ್ಕಿ, ಅಳಿಲಿಗೆ ಗುರಿ ಹಿಡಿಯುವುದು ಕ್ರೌರ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೂ ಹೌದು.

ಪೆಲೆಟ್ ಇಲ್ಲದೆ ಟ್ರಿಗರ್ ಅಭ್ಯಾಸ ಮಾಡಲು ಹೆಚ್ಚಿನ ಮ್ಯಾಚ್ ಪಿಸಿಪಿಗಳಲ್ಲಿ ವ್ಯವಸ್ಥೆ ಇರುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ. ಸ್ಪ್ರಿಂಗ್ ರೈಫಲನ್ನು ಮಾತ್ರ ಖಾಲಿ ಹಾರಿಸಬೇಡಿ. ಮುಂದೆ ಪೆಲೆಟ್‌ನ ತಡೆ ಇಲ್ಲದೆ ಪಿಸ್ಟನ್ ಜೋರಾಗಿ ಬಡಿದು ಸೀಲ್ ಒಡೆಯುತ್ತದೆ.

ಪೆಲೆಟ್ ಆರಿಸುವುದು

ಕೊನೆಗೆ ಪೆಲೆಟ್. ಟಾರ್ಗೆಟ್‌ಗೆ ಚಪ್ಪಟೆ ತಲೆಯದ್ದೇ ಬೇಕು. ಅದು ಕಾಗದವನ್ನು ದುಂಡಗೆ ಕತ್ತರಿಸುತ್ತದೆ, ಅಂಕ ಎಣಿಸುವಾಗ ಜಗಳವಿಲ್ಲ. ರೈಫಲ್‌ಗೆ ಸುಮಾರು 0.53 ಗ್ರಾಂ ತೂಕದವು ರೂಢಿ. ಆರ್‌ಡಬ್ಲ್ಯೂಎಸ್, ಎಚ್ ಅಂಡ್ ಎನ್, ಜೆಎಸ್‌ಬಿ ಕಂಪನಿಗಳ ಪೆಲೆಟ್ ನಮ್ಮಲ್ಲೂ ಸಿಗುತ್ತವೆ. ಮ್ಯಾಚ್ ಪೆಲೆಟ್‌ಗಳ ಡಬ್ಬಿಯ ಮೇಲೆ ತಲೆಯ ಅಳತೆ ಬರೆದಿರುತ್ತದೆ, 4.49, 4.50, 4.51 ಹೀಗೆ. ಯಾವ ಬ್ಯಾರಲ್‌ಗೆ ಯಾವುದು ಹೊಂದುತ್ತದೆ ಎಂದು ಹೊಡೆದೇ ನೋಡಬೇಕು. ರೈಫಲನ್ನು ಮೇಜಿಗೆ ಬಿಗಿದು, ಪ್ರತಿ ಅಳತೆಯಿಂದ ಹತ್ತು ಹತ್ತು ಹೊಡೆದು ಗ್ರೂಪ್ ಹೋಲಿಸಿ. ಬಿಗಿಯಲು ಅನುಕೂಲ ಇಲ್ಲದಿದ್ದರೆ ಮರಳುಚೀಲದ ಮೇಲಿಟ್ಟು ಹೊಡೆಯಿರಿ.

ಆದರೆ ಈ ಪರೀಕ್ಷೆಗೆ ಆತುರ ಬೇಡ. ನಿಂತು ಹೊಡೆದಾಗ ನಿಮ್ಮ ಗ್ರೂಪ್ ಎರಡು ಸೆಂಟಿಮೀಟರ್ ಹರಡುತ್ತಿದ್ದರೆ ಪೆಲೆಟ್ ಬದಲಿಸಿದ್ದರಿಂದ ಗ್ರೂಪ್‌ನಲ್ಲಿ ಬರುವ ಅರ್ಧ ಮಿಲಿಮೀಟರ್ ವ್ಯತ್ಯಾಸ ಅದರಲ್ಲಿ ಕಾಣುವುದೇ ಇಲ್ಲ. ಅಲ್ಲಿಯವರೆಗೆ ಯಾವುದಾದರೂ ಒಂದು ಒಳ್ಳೆಯ ಪೆಲೆಟ್ ಹಿಡಿದು ಅದನ್ನೇ ಬಳಸಿ. ಗ್ರೂಪ್ ಒಂದು ಸೆಂಟಿಮೀಟರ್‌ಗೆ ಇಳಿದಾಗ ಪರೀಕ್ಷೆಗೆ ಅರ್ಥ ಬರುತ್ತದೆ. ಹೊಂದುವ ಪೆಲೆಟ್ ಸಿಕ್ಕಿದ ಮೇಲೆ ಅದೇ ಬ್ಯಾಚ್‌ನ ಡಬ್ಬಿಗಳನ್ನು ಕೆಲವು ತಿಂಗಳಿಗೆ ಆಗುವಷ್ಟು ಒಟ್ಟಿಗೆ ತೆಗೆದಿಡಿ, ಮುಂದಿನ ಬ್ಯಾಚ್ ತುಸು ಬೇರೆ ಇರಬಹುದು. ಡಬ್ಬಿ ಕೈಜಾರಿ ನೆಲಕ್ಕೆ ಬಿದ್ದರೆ ಒಳಗಿನ ಪೆಲೆಟ್‌ಗಳ ತೆಳ್ಳನೆಯ ಅಂಚು ಬಾಗಿರುತ್ತದೆ. ಅಂಥದ್ದನ್ನು ಸ್ಪರ್ಧೆಗೆ ಒಯ್ಯಬೇಡಿ, ಅಭ್ಯಾಸಕ್ಕೆ ಬಳಸಿ ಮುಗಿಸಿ.